ಕಿಟಕಿಯಿಂದ ಹಿತ್ತಲಿಗೆ: ಸಸಿ ಬೆಳೆಸುವವರ ಪ್ರಶ್ನೆಗಳು

ಈ ಬಾರಿ ನಮಗೆ ತಲುಪಿದ ಪತ್ರಗಳಲ್ಲಿ ಬಹುಪಾಲು ಕೊಡಗಿನಿಂದ ಬಂದವು. ಮಳೆಗಾಲದಲ್ಲಿ ಮನೆಯೊಳಗೆ ಮೊಳೆಯಿಸಿ ಬೆಳೆಸಿದ ತರಕಾರಿ ಸಸಿಗಳನ್ನು ಹಿತ್ತಲಿಗೆ ಸಾಗಿಸುವಾಗ ಆಗುವ ನಷ್ಟವೇ ಅವುಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡ ದೂರು. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಆರಕ್ಕೆ ಉತ್ತರಿಸಿದ್ದೇನೆ.

ಪ್ರಶ್ನೆ: ಆಗಸ್ಟ್ ಮೊದಲ ವಾರದಲ್ಲಿ ಟೊಮೆಟೊ ಮತ್ತು ಬದನೆ ಬೀಜಗಳನ್ನು ಪ್ರೋಟ್ರೇಯಲ್ಲಿ (ಸಾಲು ಸಾಲು ಸಣ್ಣ ಗುಳಿಗಳಿರುವ ಸಸಿ ತಟ್ಟೆಯಲ್ಲಿ) ಬಿತ್ತಿ, ಅಡುಗೆಮನೆಯ ಗಾಜಿನ ಕಿಟಕಿಯ ಬಳಿ ಇಟ್ಟು ಬೆಳೆಸಿದೆ. ಸಸಿಗಳು ಗೇಣುದ್ದ ಬೆಳೆದು ಕಣ್ಣಿಗೆ ಹಬ್ಬವಾಗಿದ್ದವು. ಸೆಪ್ಟೆಂಬರಿನಲ್ಲಿ ಮಳೆ ಬಿಟ್ಟು ಒಳ್ಳೆಯ ಬಿಸಿಲು ಬಂದ ದಿನ, ಬೆಳಿಗ್ಗೆಯೇ ಚೆನ್ನಾಗಿ ನೀರು ಹಾಕಿ, ಟ್ರೇಗಳನ್ನು ಅಂಗಳದಲ್ಲಿಟ್ಟು ಪೇಟೆಗೆ ಹೋದೆ. ಸಂಜೆ ಬಂದು ನೋಡಿದರೆ ಎಲೆಗಳು ಬೆಳ್ಳಗಾಗಿ ಕಾಗದದಂತಾಗಿದ್ದವು. ಇವು ಬದುಕುತ್ತವೆಯೇ? ನನ್ನಿಂದಾದ ತಪ್ಪೇನು?
— ಗೃಹಿಣಿ, ಮಡಿಕೇರಿ

ಉತ್ತರ: ಮೊದಲು ಸಸಿಯ ನೆತ್ತಿಯನ್ನು ನೋಡಿ. ತುದಿಯ ಎಳೆಯ ಕುಡಿ ಹಸಿರಾಗಿದ್ದು, ಕಾಂಡವನ್ನು ಉಗುರಿನಿಂದ ಮೆಲ್ಲನೆ ಕೆರೆದಾಗ ಒಳಗೆ ಹಸಿ ಕಂಡರೆ ಆ ಸಸಿ ಉಳಿಯುತ್ತದೆ. ಬೆಳ್ಳಗಾದ ಭಾಗ ಮತ್ತೆ ಹಸಿರಾಗುವುದಿಲ್ಲ. ಆದರೂ ಅಂಥ ಎಲೆಗಳನ್ನು ಈಗಲೇ ಚಿವುಟಬೇಡಿ. ಹೊಸದಾಗಿ ಎರಡು ಎಲೆ ಬಿಡುವ ತನಕ, ಹಳೆಯ ಎಲೆಯಲ್ಲಿ ಉಳಿದಿರುವ ಅಂಗುಲದಷ್ಟು ಹಸಿರೇ ಸಸಿಯ ಹೊಟ್ಟೆ ಹೊರೆಯಬೇಕು. ಟ್ರೇಯನ್ನು ನೆರಳಿಗೆ ತಂದು, ಗೊಬ್ಬರದ ನೀರು ಏನನ್ನೂ ಕೊಡದೆ, ಒಂದು ವಾರ ಅವುಗಳ ಪಾಡಿಗೆ ಬಿಡಿ.

ನೀರು ಹಾಕಿದ್ದರೂ ಹೀಗಾಯಿತಲ್ಲ ಎಂಬುದು ನಿಮ್ಮ ಬೇಸರ. ಇಲ್ಲಿ ಕೆಟ್ಟದ್ದು ಬೇರಲ್ಲ, ಎಲೆ. ಬೆಳಕನ್ನು ಅಳೆಯುವ ಲಕ್ಸ್ ಲೆಕ್ಕದಲ್ಲಿ ನಡುಹಗಲಿನ ನೇರ ಬಿಸಿಲಿನ ಪ್ರಖರತೆ ಸುಮಾರು 1 ಲಕ್ಷ ಲಕ್ಸ್‌ನಷ್ಟಿರುತ್ತದೆ; ಮಳೆಗಾಲದ ಮೋಡದಡಿ, ಮುಂದಕ್ಕೆ ಚಾಚಿದ ಹಂಚಿನ ಸೂರಿನ ಮನೆಯಲ್ಲಿ, ಕಿಟಕಿಯ ಬಳಿ ದೊರೆಯುವ ಬೆಳಕು ಕೆಲವು ಸಾವಿರ ಲಕ್ಸ್ ದಾಟುವುದೇ ಕಷ್ಟ. ನಮ್ಮ ಕಣ್ಣು ಈ ವ್ಯತ್ಯಾಸಕ್ಕೆ ಕ್ಷಣದಲ್ಲಿ ಹೊಂದಿಕೊಳ್ಳುವುದರಿಂದ ಅಡುಗೆಮನೆಯಲ್ಲಿ ಸಾಕಷ್ಟು ಬೆಳಕಿದೆ ಎಂದು ನಮಗನಿಸುತ್ತದೆ. ಎಲೆ ಹೊಂದಿಕೊಳ್ಳಲು ದಿನಗಳು ಬೇಕು. ಮಂದ ಬೆಳಕಿನಲ್ಲಿ ಬೆಳೆದ ಎಲೆ ತೆಳ್ಳಗಿರುತ್ತದೆ, ಅದರ ಮೇಲಿನ ಮೇಣದ ಪದರ ಇನ್ನೂ ತೆಳು, ಮತ್ತು ಸಿಕ್ಕಷ್ಟು ಬೆಳಕನ್ನೆಲ್ಲ ಹಿಡಿದುಕೊಳ್ಳುವುದನ್ನಷ್ಟೇ ಅದು ಕಲಿತಿರುತ್ತದೆ. ಅಂಥ ಎಲೆಯ ಮೇಲೆ ಒಮ್ಮೆಲೆ ಪೂರ್ತಿ ಬಿಸಿಲು ಸುರಿದಾಗ, ಬಳಸಲಾಗದೆ ಉಳಿದ ಶಕ್ತಿ ಎಲೆಯ ಪತ್ರಹರಿತ್ತನ್ನೇ ಸುಡುತ್ತದೆ. ನೀವು ಕಂಡ ಬಿಳುಪು ಅದೇ. ಇದಕ್ಕೆ ಸೇರಿದಂತೆ, ಕಿಟಕಿಯ ಗಾಜು ಸೂರ್ಯನ ನೇರಳಾತೀತ ಕಿರಣಗಳಲ್ಲಿ ತೀಕ್ಷ್ಣವಾದ ಭಾಗವನ್ನು ಹೆಚ್ಚುಕಡಿಮೆ ಪೂರ್ತಿ ತಡೆಯುವುದರಿಂದ, ಒಳಗೆ ಬೆಳೆದ ಸಸಿ ಅದನ್ನು ಅಂಗಳದಲ್ಲೇ ಮೊದಲ ಬಾರಿಗೆ ಎದುರಿಸಿತು. ಎಲೆಯ ಉಸಿರಾಟದ ರಂಧ್ರಗಳ ಕಥೆಯೂ ಇದೇ: ಒದ್ದೆ ಗಾಳಿಯಲ್ಲಿ ಸದಾ ತೆರೆದಿದ್ದು ರೂಢಿಯಾದ ರಂಧ್ರಗಳು ಒಣಗಾಳಿ ಬೀಸಿದಾಗ ಬೇಗ ಮುಚ್ಚಿಕೊಳ್ಳುವುದಿಲ್ಲ, ಬೇರು ಎಳೆಯುವುದಕ್ಕಿಂತ ಹೆಚ್ಚು ನೀರನ್ನು ಎಲೆ ಕಳೆದುಕೊಳ್ಳುತ್ತದೆ. ಬುಡ ಒದ್ದೆಯಾಗಿದ್ದೂ ಸಸಿ ಬಾಡಲು ಇದೇ ಕಾರಣ.

ಕಾಫಿ ನರ್ಸರಿ ಮಾಡಿದವರು ನಿಮ್ಮ ಮನೆಯಲ್ಲೋ ನೆರೆಯಲ್ಲೋ ಇದ್ದೇ ಇರುತ್ತಾರೆ. ಬೀಜವನ್ನು ತಲೆಯ ಮೇಲೆ ಹೊತ್ತು ನಿಂತ ಟೋಪಿ ಹಂತದ ಮೊಳಕೆಯನ್ನು ಪ್ಯಾಕೆಟಿಗೆ ಹಾಕಿ ಚಪ್ಪರದಡಿ ಬೆಳೆಸಿದವರು, ಮಳೆ ಹಿಡಿದ ಮೇಲೆ ಚಪ್ಪರದ ಸೊಪ್ಪನ್ನು ಒಂದೇ ದಿನ ಕಿತ್ತೆಸೆಯುವುದಿಲ್ಲ. ವಾರವಾರಕ್ಕೆ ಸ್ವಲ್ಪ ಸ್ವಲ್ಪವೇ ತೆಳುಮಾಡುತ್ತಾ ಹೋಗುತ್ತಾರೆ. ಕಾಫಿ ಗಿಡಕ್ಕೆ ತೋರುವ ಈ ಸಹನೆಯನ್ನು ಟೊಮೆಟೊ ಗಿಡಕ್ಕೆ ನಾವು ಯಾಕೆ ತೋರುವುದಿಲ್ಲವೋ ನನಗೆ ಅರ್ಥವಾಗಿಲ್ಲ. ಬೀಜದ ಬೆಲೆ ಕಡಿಮೆ ಎಂಬುದೇ ಕಾರಣವಿರಬೇಕು.

ಉಳಿದ ಸಸಿಗಳಿಗೆ ಹೀಗೆ ಮಾಡಿ. ಮೊದಲ ಎರಡು ದಿನ ಬಿಸಿಲೇ ಬೀಳದ, ಆದರೆ ಆಕಾಶ ಕಾಣುವ ಜಾಗದಲ್ಲಿ ಎರಡು ಮೂರು ಗಂಟೆ ಇಟ್ಟು ಒಳಗೆ ತನ್ನಿ. ಮೂರನೆಯ ದಿನ ಬೆಳಗಿನ 9 ಗಂಟೆಯೊಳಗಿನ ಎಳೆಬಿಸಿಲನ್ನು ಒಂದು ಗಂಟೆ ತೋರಿಸಿ. ಆಮೇಲೆ ದಿನಕ್ಕೆ ಒಂದು ಗಂಟೆಯಂತೆ ಹೆಚ್ಚಿಸುತ್ತಾ ಹೋಗಿ, 11ರಿಂದ 3ರ ಬಿಸಿಲನ್ನು ಕೊನೆಗೆ ಉಳಿಸಿಕೊಳ್ಳಿ. ಎಂಟೊಂಬತ್ತನೆಯ ದಿನಕ್ಕೆ ಇಡೀ ಹಗಲು ಹೊರಗಿರಬಲ್ಲ ಸಸಿಯನ್ನು ಕೊನೆಯ ಎರಡು ರಾತ್ರಿ ಹೊರಗೇ ಬಿಡಿ. ಒಟ್ಟು 10 ದಿನ; ಎಲೆ ಬಾಡುವ ಲಕ್ಷಣ ಕಂಡರೆ ಹಿಂದಿನ ದಿನದ ಲೆಕ್ಕಕ್ಕೆ ಮರಳಬೇಕು, ಆಗ 14 ದಿನವೂ ಹಿಡಿಯಬಹುದು. ಮಡಿಕೇರಿಯವರು ಇಲ್ಲಿ ಒಂದು ಎಚ್ಚರ ವಹಿಸಬೇಕು. ನಿಮ್ಮಲ್ಲಿ ಐದು ದಿನ ಬಿಡದೆ ಮಂಜು ಕವಿದು ಆರನೆಯ ದಿನ ಕಣ್ಣು ಕುಕ್ಕುವ ಬಿಸಿಲು ಬರುವುದು ಸಾಮಾನ್ಯ. ಆ ಐದು ದಿನ ಸಸಿ ಅಂಗಳದಲ್ಲೇ ಇದ್ದರೂ ಬಿಸಿಲಿನ ಪಾಠ ಒಂದೂ ಆಗಿರುವುದಿಲ್ಲ. ಆದ್ದರಿಂದ ಮಂಜಿನ ದಿನಗಳನ್ನು ಗಾಳಿಯ ಅಭ್ಯಾಸಕ್ಕೆ ಹಿಡಿಯಿರಿ, ಬಿಸಿಲಿನ ಲೆಕ್ಕಕ್ಕೆ ಸೇರಿಸಬೇಡಿ.

ಗಾಳಿಯ ವಿಷಯ ಬಂದದ್ದರಿಂದ ಹೇಳುತ್ತೇನೆ: ಅಲುಗಾಡದ ಸಸಿಯ ಕಾಂಡ ಬಲಿಯುವುದಿಲ್ಲ. ಟ್ರೇ ಇನ್ನೂ ಒಳಗಿರುವಾಗಲೇ ದಿನಕ್ಕೆರಡು ಬಾರಿ, ಎಲೆಗಳು ಒದ್ದೆಯಿಲ್ಲದಾಗ ಅವುಗಳ ಮೇಲೆ, ಬೆಕ್ಕಿನ ಬೆನ್ನು ಸವರಿದಂತೆ ಅಂಗೈಯನ್ನು ಹತ್ತಿಪ್ಪತ್ತು ಸಲ ಆಡಿಸಿದರೆ ಸಸಿ ಗಿಡ್ಡವಾಗಿ ಗಟ್ಟಿಯಾಗುತ್ತದೆ. ನೋಡಿದವರು ನಕ್ಕರೆ ನಗಲಿ.

ಪ್ರಶ್ನೆ: ನಮ್ಮಲ್ಲಿ ಮಳೆ ನಿಲ್ಲುವ ತನಕ ಕಾದರೆ ಸಸಿಗಳಿಗೆ ವಯಸ್ಸಾಗುತ್ತದೆ, ಕಾಯದೆ ನೆಟ್ಟರೆ ಬುಡ ಕೊಳೆಯುತ್ತದೆ. ಕಳೆದ ವರ್ಷ ಬದುಕಿ ಉಳಿದ ಟೊಮೆಟೊ ಗಿಡಗಳೂ ಹೂ ಬಿಡುವ ಹೊತ್ತಿಗೆ ಹಸಿರಾಗಿದ್ದಂತೆಯೇ ಒಂದೊಂದಾಗಿ ಬಾಡಿ ಸತ್ತವು. ಯಾವಾಗ ಬಿತ್ತಬೇಕು, ಯಾವಾಗ ನೆಡಬೇಕು?
— ಕೃಷಿಕರು, ಭಾಗಮಂಡಲ

ಉತ್ತರ: ಕೊಡಗಿಗೆಲ್ಲ ಸಲ್ಲುವ ಒಂದೇ ದಿನಾಂಕ ಹೇಳಲಾಗದು. ಪಶ್ಚಿಮದ ಭಾಗಮಂಡಲದಲ್ಲಿ ಸುರಿಯುವ ಮಳೆಗೂ ಪೂರ್ವದ ಕುಶಾಲನಗರದ ಮಳೆಗೂ ಹಲವು ಪಟ್ಟು ಅಂತರವಿದೆ, ದೂರವೋ ಅರ್ಧ ದಿನದ ಪ್ರಯಾಣವೂ ಅಲ್ಲ. ಆದರೂ ಹಬ್ಬಗಳ ಲೆಕ್ಕ ನಿಮಗೆ ಒಂದು ದಾರಿ ತೋರಿಸುತ್ತದೆ. ಕೊಡವರ ಕಕ್ಕಡ ತಿಂಗಳ 18, ಅಂದರೆ ಆಗಸ್ಟ್ 3ರ ಸುಮಾರಿಗೆ, ಮದ್ದುಸೊಪ್ಪಿನ ಪಾಯಸ ಉಣ್ಣುವ ಕಾಲದಲ್ಲಿ ಮಳೆ ಇನ್ನೂ ಬಿರುಸಾಗಿರುತ್ತದೆ. ಸೆಪ್ಟೆಂಬರ್ ಮೊದಲ ವಾರದ ಕೈಲ್ ಮುಹೂರ್ತದ (ಕೊಡವರ ಆಯುಧಪೂಜೆಯ ಹಬ್ಬದ) ಹೊತ್ತಿಗೆ ಗದ್ದೆಯ ನಾಟಿ ಮುಗಿದು ಮಳೆಗೆ ನಡುನಡುವೆ ಬಿಡುವು ಸಿಗತೊಡಗುತ್ತದೆ. ಅಕ್ಟೋಬರ್ 17ರ ಆಸುಪಾಸಿನ ತುಲಾ ಸಂಕ್ರಮಣದ ವೇಳೆಗೆ ಬೆಳಗಿನ ಹೊತ್ತು ಬಿಸಿಲು ಖಚಿತ, ಸಂಜೆಗೆ ಗುಡುಗಿನ ಮಳೆ ಬಂದರೂ ಬರಬಹುದು. ಟೊಮೆಟೊ ಮತ್ತು ಕೋಸಿನ ಸಸಿ 25ರಿಂದ 30 ದಿನಕ್ಕೆ, ಬದನೆ ಮತ್ತು ಮೆಣಸಿನಕಾಯಿ ಸಸಿ 35ರಿಂದ 45 ದಿನಕ್ಕೆ ನೆಡಲು ಹದವಾಗುತ್ತವೆ. ಈ ದಿನಗಳಲ್ಲೇ ಕೊನೆಯ ಹತ್ತನ್ನು ಹೊರಗಿನ ಅಭ್ಯಾಸಕ್ಕೆ ಮೀಸಲಿಡಬೇಕು. ಹಾಗಾಗಿ ಭಾಗಮಂಡಲದವರು ಮೆಣಸು, ಬದನೆಗಳನ್ನು ಆಗಸ್ಟ್ ಕೊನೆಯ ವಾರದಲ್ಲಿ, ಟೊಮೆಟೊವನ್ನು ಸೆಪ್ಟೆಂಬರ್ ಎರಡನೆಯ ವಾರದಲ್ಲಿ ಬಿತ್ತಿದರೆ ಅಕ್ಟೋಬರ್ ಮೊದಲರ್ಧದಲ್ಲಿ ನೆಡಬಹುದು. ಮಡಿಕೇರಿ, ನಾಪೋಕ್ಲು ಕಡೆಯವರು ಇದಕ್ಕಿಂತ ಹತ್ತು ದಿನ, ಕುಶಾಲನಗರದವರು ತಿಂಗಳಷ್ಟು ಮೊದಲೇ ಹೊರಡಬಹುದು.

ಸಸಿ ಸಿದ್ಧವಾಗಿಯೂ ಮಳೆ ಬಿಡದಿದ್ದರೆ ಟ್ರೇಯ ಸಣ್ಣ ಗುಳಿಯಲ್ಲೇ ಅದನ್ನು ಉಳಿಸಿಕೊಳ್ಳಬೇಡಿ. ಕಾಫಿಯ ನರ್ಸರಿ ಪ್ಯಾಕೆಟಿಗೋ, ಕತ್ತರಿಸಿದ ಹಾಲಿನ ತೊಟ್ಟೆಗೋ ವರ್ಗಾಯಿಸಿದರೆ ಎರಡು ಮೂರು ವಾರ ದೂಡಬಹುದು. ಹೂಕೋಸು ಮಾತ್ರ ಈ ಕಾಯುವಿಕೆಯನ್ನು ಕ್ಷಮಿಸುವುದಿಲ್ಲ: ಬಲಿತ ಸಸಿಯನ್ನು ನೆಟ್ಟರೆ ಗಿಡ ಬೆಳೆಯುವ ಮೊದಲೇ ಅಂಗಿಯ ಗುಂಡಿಯಷ್ಟು ಹೂ ಕಟ್ಟಿ ನಿಂತುಬಿಡುತ್ತದೆ.

ನೆಡುವ ದಿನವನ್ನು ಕ್ಯಾಲೆಂಡರ್ ನೋಡಿ ಗೊತ್ತುಮಾಡುವುದಕ್ಕಿಂತ ಮಣ್ಣನ್ನು ಕೇಳಿ ಗೊತ್ತುಮಾಡುವುದು ಒಳ್ಳೆಯದು. ಪಾತಿಯಿಂದ ಒಂದು ಹಿಡಿ ಮಣ್ಣು ತೆಗೆದು ಬಿಗಿಯಾಗಿ ಹಿಂಡಿ, ಸೊಂಟದೆತ್ತರದಿಂದ ಕೆಳಗೆ ಬಿಡಿ. ಉಂಡೆ ಒಡೆದು ಚದುರಿದರೆ ನೆಡಬಹುದು. ಬೆರಳ ಸಂದಿಯಲ್ಲಿ ನೀರು ಜಿನುಗಿದರೆ, ಅಥವಾ ಬಿದ್ದ ಉಂಡೆ ಹಾಗೆಯೇ ಕುಳಿತರೆ, ಆಕಾಶ ಎಷ್ಟೇ ನೀಲಿಯಾಗಿದ್ದರೂ ಕಾಯಬೇಕು. ನೀರು ತುಂಬಿದ ಮಣ್ಣಿನಲ್ಲಿ ಗಾಳಿಗೆ ಜಾಗವಿಲ್ಲ, ಗಾಳಿಯಿಲ್ಲದ ಕಡೆ ಎಳೆಬೇರು ಉಸಿರುಕಟ್ಟಿ ಸಾಯುತ್ತದೆ, ಸತ್ತ ಬೇರನ್ನು ಹಿಡಿದು ಕೊಳೆರೋಗದ ಶಿಲೀಂಧ್ರ ಮೇಲೇರುತ್ತದೆ. ನಿಮ್ಮ ಕಡೆ ಒಂದಡಿ ಎತ್ತರದ ಏರುಮಡಿ ಇಲ್ಲದೆ ಸೆಪ್ಟೆಂಬರಿನಲ್ಲಿ ಏನನ್ನೂ ನೆಡಬೇಡಿ. ಮಡಿಗಳ ನಡುವಿನ ಕಾಲುವೆ ಇಳಿಜಾರಿನತ್ತ ತೆರೆದಿರಲಿ.

ಇನ್ನು, ಹೆಚ್ಚಿನವರು ಗಮನಿಸದ ಶತ್ರು ಹನಿ. ನೇರವಾಗಿ ಬೀಳುವ ಮಳೆಗಿಂತ, ಎಲೆಗಳ ಮೇಲೆ ಕೂಡಿ ದಪ್ಪವಾಗಿ ಉದುರುವ ಮರದ ಹನಿ ಎಳೆಯ ಸಸಿಯನ್ನು ಹೆಚ್ಚು ಜಜ್ಜುತ್ತದೆ, ಬುಡದ ಮಣ್ಣನ್ನು ಸಿಡಿಸಿ ಎಲೆಯಡಿಗೆ ಅಂಟಿಸುತ್ತದೆ. ಆ ಮಣ್ಣಿನ ಜೊತೆಗೇ ರೋಗವೂ ಏರುತ್ತದೆ. ನೆರಳಿರುತ್ತದೆ ಎಂದು ಹಾಲುವಾಣದ ಅಡಿಯಲ್ಲೋ ಸಿಲ್ವರ್ ಓಕಿನ ಅಡಿಯಲ್ಲೋ ಟ್ರೇ ಇಡುವವರು ಇದನ್ನು ನೆನಪಿಡಬೇಕು. ಮನೆಯ ಸೂರಿನಂಚಂತೂ ಇನ್ನೂ ಅಪಾಯ. ಒಮ್ಮೆ ನಾನೇ 98 ಗುಳಿಗಳ ಟ್ರೇಯನ್ನು, ಗೋಡೆಗೆ ಒತ್ತಿಕೊಂಡಿದೆ ಎಂಬ ಭರವಸೆಯಲ್ಲಿ, ಸೂರಿನಡಿ ಬಿಟ್ಟು ಮಲಗಿದ್ದೆ. ರಾತ್ರಿ ಗಾಳಿ ತಿರುಗಿತು. ಬೆಳಿಗ್ಗೆ ಟ್ರೇಯ ನಡುವಿನ ಎರಡು ಸಾಲು ಗುಳಿಗಳಲ್ಲಿ ಸಸಿಯೂ ಇರಲಿಲ್ಲ, ಗುಳಿಗೆ ತುಂಬಿದ್ದ ತೆಂಗಿನ ನಾರಿನ ಪುಡಿ ಕೊಕೊಪಿಟ್ಟೂ ಇರಲಿಲ್ಲ. ಗೆರೆ ಎಳೆದಂತೆ ಬರಿದಾಗಿತ್ತು.

ನಿಮ್ಮ ಗಿಡಗಳು ಹಸಿರಾಗಿದ್ದಂತೆಯೇ ಬಾಡಿದ್ದು ಬೇರೆಯೇ ವಿಷಯ. ಅದನ್ನು ಸಸಿಯನ್ನು ಹೊರಗಿನ ಬಿಸಿಲು ಗಾಳಿಗೆ ಒಗ್ಗಿಸದ ದೋಷವೆಂದು ಭಾವಿಸಬೇಡಿ. ಈ ವರ್ಷವೂ ಹಾಗಾದರೆ ಒಂದು ಗಿಡದ ಕಾಂಡವನ್ನು ಬುಡದ ಬಳಿ ಓರೆಯಾಗಿ ಕತ್ತರಿಸಿ, ಆ ತುದಿಯನ್ನು ಗಾಜಿನ ಲೋಟದ ತಿಳಿನೀರಿನಲ್ಲಿ ಅಲುಗಾಡಿಸದೆ ಹಿಡಿಯಿರಿ. ಕೆಲವೇ ನಿಮಿಷಗಳಲ್ಲಿ ಹಾಲಿನಂಥ ಬಿಳಿಯ ಎಳೆ ನೀರಿಗಿಳಿಯುವುದು ಕಂಡರೆ ಅದು ದುಂಡಾಣು ಸೊರಗು ರೋಗ. ಮಣ್ಣಿನಲ್ಲೇ ಉಳಿಯುವ ಈ ದುಂಡಾಣುವಿಗೆ ಔಷಧಿ ಸುರಿದು ಪ್ರಯೋಜನವಿಲ್ಲ. ಆ ಜಾಗದಲ್ಲಿ ಎರಡು ಮೂರು ವರ್ಷ ಟೊಮೆಟೊ, ಬದನೆ, ಮೆಣಸು, ಆಲೂಗಡ್ಡೆ ಯಾವುದನ್ನೂ ಹಾಕದೆ ಬೀನ್ಸ್, ಕೋಸು, ಜೋಳದಂಥ ಬೆಳೆಗಳಿಗೆ ಬಿಡಬೇಕು. ಟೊಮೆಟೊ ಬೇಕೇ ಬೇಕೆಂದರೆ ಬೇರೆ ಮಡಿಯಲ್ಲಿ ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಹೊರತಂದ ಅರ್ಕಾ ರಕ್ಷಕ್ ತಳಿಯನ್ನು ಹಾಕಿ. ಸೊರಗು ರೋಗ, ಎಲೆಮುರುಟು ನಂಜು ಮತ್ತು ಎಲೆಚುಕ್ಕೆ ಅಂಗಮಾರಿ ಮೂರನ್ನೂ ತಾಳಿಕೊಳ್ಳುವಂತೆ ರೂಪಿಸಿದ ತಳಿ ಅದು. ನಮ್ಮ ಹುಳಿಮಣ್ಣಿಗೆ ಕೃಷಿ ಸುಣ್ಣವೂ ಬೇಕು: ಮಣ್ಣು ಪರೀಕ್ಷೆ ಮಾಡಿಸಿ, ಅದು ಹೇಳಿದಷ್ಟನ್ನು ನೆಡುವ ಎರಡು ಮೂರು ವಾರ ಮೊದಲೇ ಬೆರೆಸಿರಿ. ಕೊಟ್ಟಿಗೆ ಗೊಬ್ಬರವನ್ನು ಅದೇ ದಿನ ಹಾಕಬೇಡಿ. ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ಈ ವಿಷಯವಾಗಿ ವಿಚಾರಿಸಬಹುದು.

ಪ್ರಶ್ನೆ: ಮೆಣಸಿನ ಸಸಿಗಳು ಕಿಟಕಿಯತ್ತ ಬಾಗಿ, ನೂಲಿನಂತೆ ಉದ್ದವಾಗಿ ಬೆಳೆದಿವೆ. ಟೊಮೆಟೊವನ್ನು ಆಳವಾಗಿ ನೆಟ್ಟರೆ ಸರಿಹೋಗುತ್ತದೆ ಎನ್ನುತ್ತಾರೆ. ಮೆಣಸಿಗೂ ಹಾಗೆ ಮಾಡಬಹುದೇ? ಬೆಳಕಿಗೆಂದು ಬಲ್ಬ್ ಹಾಕಿದರೆ ಪ್ರಯೋಜನ ಇದೆಯೇ?
— ನಿವೃತ್ತ ಶಿಕ್ಷಕರು, ಕುಶಾಲನಗರ

ಉತ್ತರ: ಟೊಮೆಟೊ ಕಾಂಡದ ಗುಣವೇ ಬೇರೆ. ಅದನ್ನು ಬೆಳಕಿಗೆ ಹಿಡಿದು ನೋಡಿದರೆ ರೋಮಗಳ ನಡುವೆ ಸಣ್ಣ ಉಬ್ಬುಗಳು ಕಾಣಿಸುತ್ತವೆ. ಮಣ್ಣಿನ ತೇವ ತಾಗಿದರೆ ಅವುಗಳಿಂದಲೇ ಬೇರು ಹೊರಡುತ್ತದೆ. ಆದ್ದರಿಂದ ಕೆಳಗಿನ ಎಲೆಗಳನ್ನು ಚಿವುಟಿ, ಕಾಂಡದ ಮೂರರಲ್ಲಿ ಎರಡು ಪಾಲನ್ನು ಹೂಳಬಹುದು, ತೀರಾ ಉದ್ದವಾಗಿದ್ದರೆ ಓರೆಯಾಗಿ ಮಲಗಿಸಿ ನೆಡಬಹುದು. ಮೆಣಸಿನ ಕಾಂಡ ಇಷ್ಟು ಧಾರಾಳಿಯಲ್ಲ. ಬೀಜದೆಲೆಗಳ (ಮೊಳೆತಾಗ ಮೊದಲು ಬರುವ ಜೋಡಿ ಎಲೆಗಳ) ಮಟ್ಟದ ತನಕ ಹೂತರೆ ತೊಂದರೆಯಿಲ್ಲ, ಅದಕ್ಕಿಂತ ಆಳಕ್ಕಿಳಿಸಿದರೆ, ಅದರಲ್ಲೂ ಒದ್ದೆ ಮಣ್ಣಿನಲ್ಲಿ, ಬುಡ ಕೊಳೆಯುವ ಸಾಧ್ಯತೆಯೇ ಹೆಚ್ಚು. ಕೋಸಿಗೂ ಇದೇ ಅಳತೆ. ಪಪ್ಪಾಯಿಯನ್ನಂತೂ ಪ್ಯಾಕೆಟಿನಲ್ಲಿದ್ದ ಮಟ್ಟಕ್ಕಿಂತ ಬೆರಳಗಲವೂ ಆಳಕ್ಕೆ ಇಳಿಸಬೇಡಿ.

ನೂಲಾದ ಸಸಿಯನ್ನು ಒಂದು ಬಿದಿರುಕಡ್ಡಿಗೆ ಬಾಳೆನಾರಿನಿಂದ ಸಡಿಲವಾಗಿ ಕಟ್ಟಿ, ಮೇಲೆ ಹೇಳಿದ ಹತ್ತು ದಿನಗಳ ಅಭ್ಯಾಸವನ್ನು ಹದಿನೈದು ದಿನಕ್ಕೆ ಹಿಗ್ಗಿಸಿ. ನಿಮ್ಮ ಊರು ಜಿಲ್ಲೆಯಲ್ಲಿ ಒಣಭಾಗ, ಬಿಸಿಲೂ ಗಾಳಿಯೂ ಮಡಿಕೇರಿಗಿಂತ ಜೋರು. ಮೊದಲ ವಾರ 50 ಶೇಕಡಾ ನೆರಳಿನ ಶೇಡ್ ನೆಟ್ ಕಟ್ಟಿದರೆ ಟ್ರೇಗಳನ್ನು ಒಳಗೂ ಹೊರಗೂ ಹೊರುವ ಕೆಲಸ ಉಳಿಯುತ್ತದೆ. ಹಳೆಯ ಹತ್ತಿ ಸೀರೆಯೂ ಸಾಕು. ಬಲ್ಬ್ ಬಗ್ಗೆ: ಸಾಮಾನ್ಯ ಬಿಳಿ ಎಲ್‌ಇಡಿ ಟ್ಯೂಬನ್ನು ಸಸಿಗಳ ನೆತ್ತಿಯಿಂದ ಒಂದು ಗೇಣು ಎತ್ತರದಲ್ಲಿ ತೂಗಿಸಿ, ದಿನಕ್ಕೆ 12ರಿಂದ 14 ಗಂಟೆ ಉರಿಸಿದರೆ ಮುಂದಿನ ಬಾರಿ ಸಸಿ ಉದ್ದವಾಗುವುದಿಲ್ಲ. ಚಾವಣಿಯಲ್ಲಿರುವ ದೀಪದಿಂದ ಏನೂ ಆಗದು, ಬೆಳಕು ದೂರಕ್ಕೆ ಹೋದಷ್ಟೂ ಬಹಳ ಬೇಗ ಕ್ಷೀಣಿಸುತ್ತದೆ.

ಪ್ರಶ್ನೆ: ಹದಿನೈದು ದಿನ ಜೋಪಾನವಾಗಿ ಒಗ್ಗಿಸಿದ 60 ಕೋಸಿನ ಸಸಿಗಳನ್ನು ಸಂಜೆ ನೆಟ್ಟೆವು. ಬೆಳಿಗ್ಗೆ ನೋಡಿದರೆ ಕಾಂಡದ ಕಡ್ಡಿಗಳಷ್ಟೇ ನಿಂತಿದ್ದವು, ಮಣ್ಣಿನ ಮೇಲೆ ಹೊಳೆಯುವ ಗೆರೆಗಳಿದ್ದವು. ಉಪ್ಪು ಹಾಕಬಹುದೇ?
— ಬೆಳೆಗಾರರು, ಶನಿವಾರಸಂತೆ

ಉತ್ತರ: ಹೊಳೆಯುವ ಗೆರೆ ಬಸವನಹುಳುವಿನದೋ ಚಿಪ್ಪಿಲ್ಲದ ಗೊಂಡೆಹುಳುವಿನದೋ ಆಗಿರಬೇಕು, ನಿಮ್ಮ ಭಾಗದ ತೋಟಗಳಲ್ಲಿ ಆಫ್ರಿಕಾದ ದೈತ್ಯ ಬಸವನಹುಳುವಿನ ಕಾಟ ಹೊಸದೇನಲ್ಲ. ಮನೆಯೊಳಗೆ ಬೆಳೆದ ಸಸಿಯ ಎಲೆ ಮೆತ್ತಗಿರುವುದರಿಂದ, ಹೊರಗೆ ಬಂದ ಮೊದಲ ರಾತ್ರಿಗಳಲ್ಲೇ ಅದು ಅವುಗಳಿಗೆ ಸಿಗುವ ಅತ್ಯಂತ ರುಚಿಯಾದ ಸೊಪ್ಪು. ಪಾತಿಗೆ ಉಪ್ಪು ಹಾಕಬೇಡಿ: ಹುಳು ಸಾಯುತ್ತದೆ ನಿಜ, ಆದರೆ ಆ ಉಪ್ಪು ಮಣ್ಣಿನಲ್ಲಿ ಇಳಿದು ಉಳಿದ ಸಸಿಯ ಬೇರನ್ನೂ ಒಣಗಿಸುತ್ತದೆ. ಉಪ್ಪುನೀರು ಬಕೆಟ್ಟಿನಲ್ಲಿರಲಿ, ಹುಳುವನ್ನು ಹೆಕ್ಕಿ ಅದರೊಳಗೆ ಹಾಕಿ.

ಹೆಕ್ಕುವುದಕ್ಕೆ ಅವು ಒಂದೆಡೆ ಸೇರಬೇಕಲ್ಲ. ಒದ್ದೆ ಗೋಣಿಚೀಲವನ್ನು ಪಾತಿಯಂಚಿನಲ್ಲಿ ಹಾಸಿ, ಅದರಡಿ ಪಪ್ಪಾಯಿ ಸಿಪ್ಪೆಯನ್ನೋ ಕೋಸಿನ ಹೊರ ಎಲೆಗಳನ್ನೋ ಸಂಜೆ ಇಡಿ. ರಾತ್ರಿ 8 ಗಂಟೆಯ ಮೇಲೆ ಟಾರ್ಚ್ ಹಿಡಿದು ಒಂದು ಸುತ್ತು, ಬೆಳಿಗ್ಗೆ ಬಿಸಿಲೇರುವ ಮೊದಲು ಇನ್ನೊಂದು ಸುತ್ತು. ಸಸಿ ನೆಡುವ ಮೊದಲೇ ಐದಾರು ರಾತ್ರಿ ಹೀಗೆ ಮಾಡಿದರೆ ಅರ್ಧ ಕೆಲಸ ಮುಗಿದಂತೆ. ನೆಟ್ಟ ಮೇಲೆ ಆರಂಭಿಸಿದರೆ ಅವುಗಳೇ ಒಂದು ರಾತ್ರಿ ಮುಂದಿರುತ್ತವೆ. ಕೈಗವಸು ಹಾಕಿಕೊಳ್ಳಿ, ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯಿರಿ, ಏಕೆಂದರೆ ಈ ಹುಳುಗಳಲ್ಲಿರುವ ಪರಾವಲಂಬಿ ಜೀವಿಯೊಂದು ಮನುಷ್ಯರ ಮಿದುಳಿನ ಪೊರೆಗೂ ತೊಂದರೆ ಕೊಡಬಲ್ಲದು. ಪ್ರತಿ ಸಸಿಯ ಸುತ್ತ, ತಳ ಕತ್ತರಿಸಿದ ಪ್ಲಾಸ್ಟಿಕ್ ಬಾಟಲಿಯ ಬಳೆಯನ್ನು ಎರಡು ಅಂಗುಲ ಮಣ್ಣಿನೊಳಕ್ಕೆ ಒತ್ತಿ ನಿಲ್ಲಿಸಿದರೆ ಸಸಿಗಳು ಮೊದಲ ಹತ್ತು ದಿನ ದಾಟುತ್ತವೆ. ಅಂಗಡಿಯಲ್ಲಿ ಸಿಗುವ ಮೆಟಾಲ್ಡಿಹೈಡ್ ಗುಳಿಗೆ ಕೆಲಸ ಮಾಡುತ್ತದೆ, ಆದರೆ ನಾಯಿಗೆ ಅದು ಪ್ರಾಣಾಂತಿಕ ವಿಷ. ಕೊಡಗಿನಲ್ಲಿ ನಾಯಿಯಿಲ್ಲದ ತೋಟ ನಾನು ಕಂಡದ್ದು ಕಡಿಮೆ, ಆದ್ದರಿಂದ ಅದನ್ನು ಶಿಫಾರಸು ಮಾಡಲು ಮನಸ್ಸಾಗುವುದಿಲ್ಲ. ಇನ್ನೊಂದು ಮಾತು: ತರಗೆಲೆಯ ಹೊದಿಕೆ ಒಳ್ಳೆಯದೇ, ಆದರೆ ಮಳೆ ಪೂರ್ತಿ ಬಿಡುವ ತನಕ ಸಸಿಯ ಬುಡದಿಂದ ಒಂದು ಗೇಣು ದೂರವಿರಲಿ, ಇಲ್ಲವಾದರೆ ಹಗಲು ಅಡಗಲು ಹುಳುಗಳಿಗೆ ನಾವೇ ಮನೆ ಕಟ್ಟಿಕೊಟ್ಟಂತೆ.

ಪ್ರಶ್ನೆ: ಸೌತೆ ಮತ್ತು ಕುಂಬಳದ ಸಸಿಗಳನ್ನು ಎಷ್ಟು ಎಚ್ಚರದಿಂದ ಕಿತ್ತು ನೆಟ್ಟರೂ ಮೇಲೇಳುವುದಿಲ್ಲ. ಬೀನ್ಸ್ ಕೂಡ ಹಾಗೆಯೇ.
— ಗೃಹಿಣಿ, ವಿರಾಜಪೇಟೆ

ಉತ್ತರ: ಕೀಳುವುದೇ ತಪ್ಪು. ಬಳ್ಳಿ ತರಕಾರಿಗಳ ಬೇರು ಮುರಿದರೆ ಟೊಮೆಟೊದಂತೆ ಸುಲಭವಾಗಿ ಮರುಹುಟ್ಟುವುದಿಲ್ಲ. ಕಾಗದದ ಲೋಟದಲ್ಲೋ ಅಡಿಕೆ ಹಾಳೆಯ ದೊನ್ನೆಯಲ್ಲೋ ಒಂದೊಂದೇ ಬೀಜ ಹಾಕಿ, 12ರಿಂದ 15 ದಿನದಲ್ಲಿ, ಬೀಜದೆಲೆಗಳ ಮೇಲೆ ಎರಡು ಎಲೆ ಬಂದಾಗಲೇ, ತಳ ಸೀಳಿ ದೊನ್ನೆಯ ಸಮೇತ ಕುಳಿಗಿಳಿಸಿ. ಒಗ್ಗಿಸಲು ಐದಾರು ದಿನ ಸಾಕು. ಬೀನ್ಸ್, ಮೂಲಂಗಿ, ಕ್ಯಾರೆಟ್‌ಗಳನ್ನು ನೇರವಾಗಿ ಪಾತಿಗೇ ಬಿತ್ತಿರಿ, ಒಳಗೆ ಬೆಳೆಸಿ ಏನೂ ಲಾಭವಿಲ್ಲ.

ಪ್ರಶ್ನೆ: ನಮ್ಮ ಐನ್‌ಮನೆ, ಅಂದರೆ ಕುಲದ ಮೂಲಮನೆ, ಪೂರ್ವಕ್ಕೆ ಮುಖ ಮಾಡಿದೆ. ಕೈಯಾಲೆಯಲ್ಲಿ, ಅಂದರೆ ಮುಂದಿನ ಜಗಲಿಯಲ್ಲಿ, ಗಾಳಿ ಬೆಳಕು ಚೆನ್ನಾಗಿರುವುದರಿಂದ ಸಸಿಗಳ ಟ್ರೇಗಳನ್ನು ಅಲ್ಲಿನ ಐಮರದ ಮೇಲೆ ಇಡೋಣವೆಂದರೆ ದೊಡ್ಡಪ್ಪ ಒಪ್ಪುವುದಿಲ್ಲ. ಒಗ್ಗಿಸುವಾಗ ನೀರು ನಿಲ್ಲಿಸಬೇಕು ಎಂದೂ ಅವರೇ ಹೇಳುತ್ತಾರೆ. ಯಾವುದು ಸರಿ?
— ಕಾಲೇಜು ವಿದ್ಯಾರ್ಥಿನಿ, ಪೊನ್ನಂಪೇಟೆ

ಉತ್ತರ: ಐಮರದ ವಿಷಯದಲ್ಲಿ ನಿಮ್ಮ ದೊಡ್ಡಪ್ಪನ ಪರವಾಗಿಯೇ ನಾನಿದ್ದೇನೆ. ಹಿರಿಯರು ಕುಳಿತುಕೊಳ್ಳುವ ಹಲಗೆಯ ಮೇಲೆ ನೀರು ಸೋರುವ ಟ್ರೇ ಇಡುವುದು ಸಲ್ಲದು, ಮರಕ್ಕೂ ಅದು ಕೇಡು. ನೀರಿನ ವಿಷಯದಲ್ಲಿ ಅವರ ಮಾತು ಅರ್ಧ ಸರಿ. ಪೂರ್ತಿ ನಿಲ್ಲಿಸಿದರೆ ಬೇರಿನ ತುದಿಗಳು ಒಣಗುತ್ತವೆ, ಆಮೇಲೆ ಎಷ್ಟು ಎರೆದರೂ ಗಿಡ ಹಿಂದೆಬೀಳುತ್ತದೆ. ಮಣ್ಣಿನ ಮೇಲ್ಭಾಗ ಬೆರಳಿಗೆ ಒಣಗಿದಂತೆ ತಗಲುವ ತನಕ ಕಾದು, ಎಲೆ ಬಾಡುವ ಮೊದಲು ಕೊಡಿ. ಟ್ರೇಯನ್ನು ಎತ್ತಿ ನೋಡುವ ರೂಢಿ ಮಾಡಿಕೊಂಡರೆ ಮೂರೇ ದಿನದಲ್ಲಿ ಹಗುರಾದ ತೂಕ ಕೈಗೆ ಗೊತ್ತಾಗುತ್ತದೆ. ನೀರು ಕೊಡುವುದು ಬೆಳಿಗ್ಗೆ ಇರಲಿ, ಸಂಜೆ ಎಲೆ ಒದ್ದೆಯಾಗಿ ರಾತ್ರಿಗೆ ಉಳಿಯಬಾರದು. ಕೊನೆಯ ವಾರದಲ್ಲಿ ಯೂರಿಯಾ ನೀರನ್ನಾಗಲಿ ಗೋಮೂತ್ರವನ್ನಾಗಲಿ ಕೊಟ್ಟರೆ ಮತ್ತೆ ಎಳೆಯ, ಮೆತ್ತನೆಯ ಎಲೆಯೇ ಬರುವುದರಿಂದ ಅದನ್ನು ಬಿಡಿ.

ಕೈಯಾಲೆ ಮಾತ್ರ ನಿಮಗೆ ಒದಗಿದ ಅದೃಷ್ಟ. ಪೂರ್ವದ ಮುಖವಿರುವುದರಿಂದ ಎಳೆಬಿಸಿಲು ತಾನಾಗಿ ಒಳಬಂದು, ಸೂರ್ಯ ಏರಿದಂತೆ ತಾನಾಗಿ ಹಿಂದೆ ಸರಿಯುತ್ತದೆ. ಒಂದು ಹಳೆಯ ಬೆಂಚಿನ ಮೇಲೆ ಟ್ರೇಗಳನ್ನು ಜೋಡಿಸಿ, ಮೊದಲ ದಿನ ಗೋಡೆಗೆ ಒತ್ತಿ ಇಟ್ಟು, ಆಮೇಲೆ ಬೆಂಚನ್ನೇ ದಿನಕ್ಕೆ ಒಂದು ಮೊಳ ಮೆಟ್ಟಿಲಿನ ಕಡೆಗೆ ಸರಿಸುತ್ತಾ ಬನ್ನಿ. ಬಿಸಿಲಿನ ಹೊತ್ತು ದಿನದಿಂದ ದಿನಕ್ಕೆ ಗಡಿಯಾರದ ಹಂಗಿಲ್ಲದೆಯೇ ಹೆಚ್ಚುತ್ತದೆ. ಸೂರಿನ ಹನಿ ಬೀಳುವ ಗೆರೆ ನೆಲದ ಮೇಲೆ ಕಾಣುತ್ತದೆಯಲ್ಲ, ಅಲ್ಲಿಗೆ ಬಂದ ದಿನ ಬೆಂಚನ್ನು ಇಬ್ಬರು ಹಿಡಿದು ಒಂದೇ ಸಲಕ್ಕೆ ಅದನ್ನು ದಾಟಿಸಿ ಅಂಗಳಕ್ಕೆ ಇಳಿಸಿಬಿಡಿ.